ಬೆಳೆ ಕೈಕೊಟ್ಟ ಹೊಲ ಹರಗುವ ಮುನ್ನ: ಸೋತ ಹಂಗಾಮಿನಿಂದ ಮುಂದಿನ ಬಿತ್ತನೆಯವರೆಗೆ

ಗೋವಿನಜೋಳದ ತೆನೆ ಅರ್ಧ ಬೋಳು. ಉಳ್ಳಾಗಡ್ಡಿ ನೆಲದಲ್ಲೇ ಕೊಳೆತಿದೆ. ಮೆಣಸಿನಗಿಡ ಮುಟುರಿ ನಿಂತಿದೆ. ಹಾಕಿದ ದುಡ್ಡೂ ವಾಪಸ್ ಬರಲಿಲ್ಲ, ಮುಂದೇನು ಮಾಡಬೇಕು? ಹಾವೇರಿ, ಗದಗ, ಹುಬ್ಬಳ್ಳಿ-ಧಾರವಾಡ ಕಡೆಯ ಓದುಗರು ಪ್ರತಿ ಹಂಗಾಮಿನ ಕೊನೆಗೆ ಇದನ್ನೇ ಕೇಳುತ್ತಾರೆ. ಬಹಳ ಮಂದಿಗೆ ಬೇಕಾದ ಉತ್ತರ, ಮುಂದೆ ಯಾವ ಬೀಜ ಹಾಕಬೇಕು ಎಂಬುದು. ಅದಕ್ಕಿಂತ ಮೊದಲು ಈ ಸಲ ಯಾಕೆ ಹೋಯಿತು ಎಂದು ಗೊತ್ತಾಗಬೇಕು. ಅದರ ಸುಳಿವು ಇರುವುದು ಬೆಳೆ ನಿಂತಿರುವ ಹೊಲದಲ್ಲಿ ಮಾತ್ರ, ಅದೂ ಕೆಲವೇ ದಿನ. ನೋಡಿದರೆ ಹೊಟ್ಟೆ ಉರಿಯುತ್ತದೆ ಎಂದು ಮರುದಿನವೇ ರೋಟಾವೇಟರ್ ಹೊಡೆಸಿದರೆ ಕಾರಣವೂ ಮಣ್ಣುಪಾಲು, ಪರಿಹಾರ ಕೇಳಲು ಬೇಕಾದ ಸಾಕ್ಷಿಯೂ ಮಣ್ಣುಪಾಲು.

ಹಾಗಾಗಿ ಈ ಲೇಖನದ ಹಂತಗಳನ್ನು ಇಲ್ಲಿರುವ ಕ್ರಮದಲ್ಲೇ ಮಾಡಿ. ಮೊದಲ ಮೂರು ಹಂತ (ಬೀಜದ ಮೇಲೆ ಅನುಮಾನವಿದ್ದರೆ ನಾಲ್ಕನೆಯದೂ) ಮುಗಿಯುವವರೆಗೆ ಹೊಲಕ್ಕೆ ಕುಂಟೆ ಇಳಿಸಬೇಡಿ.

ಬೇಕಾಗುವ ಸಾಮಾನು: ಕ್ಯಾಮೆರಾ ಇರುವ ಮೊಬೈಲ್, ಒಂದು ನೋಟ್‌ಬುಕ್, ಸಲಿಕೆ, ಹರಿತವಾದ ಚಾಕು, ಅಳತೆಯ ಟೇಪು. ಕಾಗದಗಳಲ್ಲಿ ಪಹಣಿ, ಎಫ್‌ಐಡಿ ಸಂಖ್ಯೆ (ರೈತರಿಗೆ ಸರ್ಕಾರ ಕೊಡುವ ಗುರುತಿನ ಸಂಖ್ಯೆ, ಪರಿಹಾರ, ವಿಮೆ, ಬೆಂಬಲ ಬೆಲೆ ಎಲ್ಲಕ್ಕೂ ಇದೇ ಆಧಾರ), ಬ್ಯಾಂಕ್ ಪಾಸ್‌ಬುಕ್, ವಿಮೆಯ ರಸೀದಿ, ಬೀಜ-ಗೊಬ್ಬರ-ಔಷಧದ ಬಿಲ್ಲುಗಳು, ಬೀಜದ ಖಾಲಿ ಚೀಲ ಮತ್ತು ಅದರ ಚೀಟಿ.

ಹಂತ 1: ಮೊದಲ 72 ತಾಸು

ನಷ್ಟವಾದದ್ದು ಆಲಿಕಲ್ಲಿನಿಂದಲೋ, ಹೊಲದಲ್ಲಿ ನೀರು ನಿಂತದ್ದರಿಂದಲೋ, ಮೇಘಸ್ಫೋಟದಿಂದಲೋ ಆಗಿದ್ದರೆ ಗಡಿಯಾರ ಆಗಲೇ ಓಡುತ್ತಿದೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇಂಥ ಸ್ಥಳೀಯ ವಿಕೋಪಕ್ಕೆ ನಿಮ್ಮ ಹೊಲವನ್ನೇ ಬಿಡಿಯಾಗಿ ನೋಡಿ ಪರಿಹಾರ ಕೊಡುತ್ತಾರೆ, ಆದರೆ 72 ತಾಸಿನೊಳಗೆ ತಿಳಿಸಿರಬೇಕು. 14447ಕ್ಕೆ ಕರೆ ಮಾಡಿ ದೂರು ಸಂಖ್ಯೆ ಬರೆದುಕೊಳ್ಳಿ. ಜತೆಗೆ ಬ್ಯಾಂಕಿಗೆ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ಲಿಖಿತ ಅರ್ಜಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಮತ್ತು ತಾರೀಖು ಹಾಕಿಸಿಕೊಳ್ಳಿ. ಕೊಯ್ದು ಹೊಲದಲ್ಲೇ ಒಣಗಲು ಹರಡಿದ ಬೆಳೆ ಅಕಾಲಿಕ ಮಳೆಗೆ ಸಿಕ್ಕರೂ ಇದೇ ನಿಯಮ. ಕೊಯ್ಲಾದ 14 ದಿನದೊಳಗಿನ ನಷ್ಟಕ್ಕೆ ಮಾತ್ರ ಅದು ಅನ್ವಯ.

ಬರಗಾಲ ಅಥವಾ ಊರಿಗೆ ಊರೇ ತುತ್ತಾದ ರೋಗವಾದರೆ ಲೆಕ್ಕ ಬೇರೆ. ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಬೆಳೆ ಕಟಾವು ಪ್ರಯೋಗ ಮಾಡಿ, ಅದರ ಸರಾಸರಿಯ ಮೇಲೆ ಇಡೀ ಪಂಚಾಯಿತಿಗೆ ವಿಮೆ ನಿಗದಿ ಮಾಡುತ್ತಾರೆ. ನಿಮ್ಮ ಒಬ್ಬರದೇ ಹೊಲ ಹಾಳಾಗಿ ಸುತ್ತಲಿನವರದು ಚೆನ್ನಾಗಿದ್ದರೆ ಇದರಲ್ಲಿ ಹಣ ಬರುವುದಿಲ್ಲ. ಹವಾಮಾನ ಆಧಾರಿತ ವಿಮೆಯಾದರೆ ಯಾರೂ ಹೊಲಕ್ಕೆ ಬರುವುದಿಲ್ಲ. ಮಳೆಮಾಪಕ ಮತ್ತು ಹವಾಮಾನ ಕೇಂದ್ರದ ಅಂಕಿಗಳೇ ತೀರ್ಮಾನ. ನಿಮ್ಮದು ಯಾವ ವಿಮೆ ಎಂದು ರಸೀದಿಯಲ್ಲಿ ಈಗಲೇ ನೋಡಿ. ಬೆಳೆಸಾಲ ಪಡೆದವರು ‘ನಾನು ವಿಮೆ ಕಟ್ಟಿಲ್ಲ’ ಎಂದುಕೊಂಡು ಸುಮ್ಮನಿರಬೇಡಿ. ಬೇಡವೆಂದು ಬರೆದುಕೊಡದಿದ್ದರೆ ಬ್ಯಾಂಕೇ ಕಂತು ಮುರಿದುಕೊಂಡಿರುತ್ತದೆ. ಪಾಸ್‌ಬುಕ್ಕಿನಲ್ಲಿ ಆ ನಮೂದು ಇರುತ್ತದೆ.

ವಿಮೆ ಬೇರೆ, ಸರ್ಕಾರದ ವಿಕೋಪ ಪರಿಹಾರ ಬೇರೆ. ಎರಡನೆಯದು ಶೇ 33 ಅಥವಾ ಅದಕ್ಕಿಂತ ಹೆಚ್ಚು ಹಾನಿಯಾದಾಗ, ಕಂದಾಯ, ಕೃಷಿ ಮತ್ತು ತೋಟಗಾರಿಕೆ ಸಿಬ್ಬಂದಿಯ ಜಂಟಿ ಸಮೀಕ್ಷೆಯ ಮೇಲೆ ಸಿಗುತ್ತದೆ. 2022-23ರಿಂದ 2025-26ರ ಅವಧಿಗೆ ಕೇಂದ್ರ ನಿಗದಿ ಮಾಡಿದ ದರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಮಿತಿ 2 ಹೆಕ್ಟೇರ್. ಅಂದರೆ ಖುಷ್ಕಿ ಜಮೀನಿನ ಎಕರೆಗೆ ಸುಮಾರು 3,440 ರೂಪಾಯಿ. ಇದು ಬೀಜ-ಗೊಬ್ಬರದ ಖರ್ಚಿಗೆ ಆಸರೆಯಾದೀತೇ ಹೊರತು ನಷ್ಟ ತುಂಬುವ ಮೊತ್ತವಲ್ಲ. ಇದನ್ನು ನೆಚ್ಚಿಕೊಂಡು ಮುಂದಿನ ಲೆಕ್ಕ ಹಾಕಬೇಡಿ.

ಇಲ್ಲಿ ಹೆಚ್ಚಾಗಿ ಆಗುವ ತಪ್ಪುಗಳು ಮೂರು. ಒಂದು, ಬೆಳೆ ಸಮೀಕ್ಷೆಯಲ್ಲಿ ಗೋವಿನಜೋಳ ಎಂದು ದಾಖಲಾಗಿ ವಿಮೆ ಮೆಣಸಿನಕಾಯಿಗೆ ಇದ್ದರೆ ಅರ್ಜಿ ತಿರಸ್ಕೃತವಾಗುತ್ತದೆ. ಬೆಳೆ ದರ್ಶಕ ಆ್ಯಪ್‌ನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿ ನೋಡಿ; ತಪ್ಪಿದ್ದರೆ ಅವಧಿಯೊಳಗೆ ಆಕ್ಷೇಪಣೆ ಹಾಕಿ. ಎರಡು, ಉಳ್ಳಾಗಡ್ಡಿ ಮತ್ತು ಮೆಣಸಿನಕಾಯಿ ತೋಟಗಾರಿಕೆ ಇಲಾಖೆಯ ಬೆಳೆಗಳು. ಕೃಷಿ ಇಲಾಖೆಗೆ ಅಲೆದು ಎರಡು ದಿನ ಕಳೆದುಕೊಳ್ಳುವವರು ಬಹಳ. ಮೂರು, ಆಧಾರ್ ಜೋಡಣೆಯಾಗದ ಖಾತೆ. ಪರಿಹಾರ ಮಂಜೂರಾಗಿಯೂ ಹಣ ಜಮಾ ಆಗದೆ ಉಳಿಯುವುದಕ್ಕೆ ದೊಡ್ಡ ಕಾರಣ ಇದು.

ಹಂತ 2: ಹೊಲ ಸುತ್ತಿ, ಎಣಿಸಿ, ಅಗೆಯಿರಿ

ಮೊದಲು ಫೋಟೊ. ಹೊಲದ ನಾಲ್ಕು ಮೂಲೆಯಿಂದ ನಾಲ್ಕು, ನಡುವಿನಿಂದ ಒಂದು, ಹಾಳಾದ ಗಿಡದ ಹತ್ತಿರದ ನಾಲ್ಕೈದು. ಮೊಬೈಲಿನಲ್ಲಿ ಸ್ಥಳದ ಗುರುತು, ಅಂದರೆ ಲೊಕೇಶನ್, ಆನ್ ಇರಲಿ.

ಆಮೇಲೆ ಹಾನಿಯ ನಕ್ಷೆ. ನೋಟ್‌ಬುಕ್ಕಿನಲ್ಲಿ ಹೊಲದ ಆಕಾರ ಬರೆದು, ಎಲ್ಲೆಲ್ಲಿ ಕೆಟ್ಟಿದೆ, ಎಲ್ಲಿ ಚೆನ್ನಾಗಿದೆ ಎಂದು ಗೆರೆ ಹಾಕಿ. ಕಾರಣದ ಅರ್ಧ ಈ ನಕ್ಷೆಯಲ್ಲೇ ಸಿಗುತ್ತದೆ. ಇಡೀ ಹೊಲ ಒಂದೇ ಸಮ ಕೆಟ್ಟಿದ್ದರೆ ಬೀಜ, ಹವೆ ಅಥವಾ ಗೊಬ್ಬರದ ಮೇಲೆ ಅನುಮಾನ ಇಡಿ. ತಗ್ಗಿನಲ್ಲಷ್ಟೇ ಕೆಟ್ಟಿದ್ದರೆ ನೀರು ನಿಂತದ್ದು. ನವಲಗುಂದ, ಕುಂದಗೋಳದ ಎರೆ ಹೊಲಗಳಲ್ಲಿ, ಅದರಲ್ಲೂ ಬೆಣ್ಣಿಹಳ್ಳದ ದಂಡೆಯಲ್ಲಿ ಇದು ಮಾಮೂಲು. ಸಾಲು ಸಾಲಾಗಿ ಕೆಟ್ಟಿದ್ದರೆ ಕೂರಿಗೆಯ ಒಂದು ತಾಳು ಕಟ್ಟಿಕೊಂಡಿತ್ತೋ, ಗೊಬ್ಬರ ಬೀಜಕ್ಕೆ ತಾಗಿ ಸುಟ್ಟಿತೋ ನೋಡಿ. ಬದುವಿನ ಅಂಚಿನ ಕೆಲವು ಸಾಲು ಮಾತ್ರ ಕೆಟ್ಟು, ಹತ್ತಿ ಎಲೆ ಸಪೂರಾಗಿ ಎಳೆದಂತಾಗಿದ್ದರೆ ಪಕ್ಕದ ಹೊಲದ 2,4-ಡಿ ಕಳೆನಾಶಕ ಗಾಳಿಗೆ ತೇಲಿ ಬಂದಿರಬಹುದು. ಚುಕ್ಕೆ ಚುಕ್ಕೆಯಾಗಿ ಗಿಡಗಳು ಸತ್ತಿದ್ದರೆ ಮಣ್ಣಿನ ರೋಗ.

ಎಣಿಕೆ: ಐದು ಕಡೆ ಹತ್ತು ಮೀಟರ್ ಸಾಲು ಅಳೆದು ಗಿಡ ಎಣಿಸಿ. 20 ಸೆಂಟಿಮೀಟರ್ ಅಂತರದ ಗೋವಿನಜೋಳವಾದರೆ 50 ಗಿಡ ಇರಬೇಕು. 10 ಸೆಂಟಿಮೀಟರ್ ಅಂತರದ ಕಡಲೆಯಾದರೆ 100. ಮೂವತ್ತೋ ಅರವತ್ತೋ ಸಿಕ್ಕರೆ ನಿಮ್ಮ ಸೋಲು ಬಿತ್ತಿದ ವಾರದಲ್ಲೇ ಆಗಿದೆ. ಆಮೇಲೆ ಹೊಡೆದ ಔಷಧಿ, ಹಾಕಿದ ಯೂರಿಯಾ ಅದನ್ನು ಸರಿಪಡಿಸಲು ಸಾಧ್ಯವೇ ಇರಲಿಲ್ಲ.

ಅಗೆತ: ಚೆನ್ನಾಗಿರುವ ಜಾಗದ ಮೂರು ಗಿಡ, ಕೆಟ್ಟ ಜಾಗದ ಮೂರು ಗಿಡ, ಒಂದು ಅಡಿ ಆಳಕ್ಕೆ ಸಲಿಕೆ ಹಾಕಿ ಬೇರು ಸಮೇತ ತೆಗೆಯಿರಿ. ಕಿತ್ತರೆ ಬೇರು ಹರಿದು ಮಣ್ಣಲ್ಲೇ ಉಳಿಯುತ್ತದೆ, ಹಾಗಾಗಿ ಕೀಳಬೇಡಿ. ತಾಯಿಬೇರು ಆರೆಂಟು ಇಂಚು ಇಳಿದು ಅಲ್ಲಿಂದ ಅಡ್ಡಕ್ಕೆ ಹೊರಳಿದ್ದರೆ ಕೆಳಗೆ ಗಟ್ಟಿ ಪದರ ಕಟ್ಟಿದೆ ಎಂದರ್ಥ. ವರ್ಷ ವರ್ಷ ಒಂದೇ ಆಳಕ್ಕೆ ರೋಟಾವೇಟರ್ ಓಡಿಸಿದ ಹೊಲಗಳಲ್ಲಿ ಇದನ್ನು ಕಾಣಬಹುದು. ಮಳೆ ಬಂದರೆ ನೀರು ಮೇಲೆ ನಿಲ್ಲುತ್ತದೆ, ಮಳೆ ತಪ್ಪಿದರೆ ಬೇರಿಗೆ ಕೆಳಗಿನ ತೇವ ಸಿಗುವುದಿಲ್ಲ, ಹೀಗೆ ಎರಡೂ ಕಡೆಯಿಂದ ಹೊಡೆತ. ಬೇರು ಕಪ್ಪಾಗಿ ಕೆಟ್ಟ ವಾಸನೆ ಬಂದರೆ ನೀರು ನಿಂತು ಉಸಿರುಗಟ್ಟಿದೆ.

ಹಂತ 3: ಕಾರಣ ಹಿಡಿಯುವುದು

ನಮ್ಮ ಕಡೆಯ ಮುಖ್ಯ ಬೆಳೆಗಳಲ್ಲಿ ಕಣ್ಣಿಗೆ ಕಾಣುವ ಗುರುತುಗಳು ಇವು.

ಬ್ಯಾಡಗಿ ಮೆಣಸಿನಕಾಯಿ: ‘ಮುಟುರು ಬಂದಿದೆ’ ಎಂದಷ್ಟೇ ಹೇಳಿ ಅಂಗಡಿಯಿಂದ ಔಷಧ ತರುವುದು ಅತಿ ದುಬಾರಿ ತಪ್ಪು. ಮುಟುರಿಗೆ ಮೂರು ಕಾರಣ ಇವೆ, ಮೂರಕ್ಕೂ ಮದ್ದು ಬೇರೆ. ಎಲೆಯನ್ನು ಅಂಗೈ ಮೇಲಿಟ್ಟು ನೋಡಿ. ಅಂಚುಗಳು ಮೇಲಕ್ಕೆ ಮಡಚಿ ಎಲೆ ದೋಣಿಯಂತಾಗಿದ್ದರೆ ಥ್ರಿಪ್ಸ್ ನುಸಿ. ಅಂಚುಗಳು ಕೆಳಕ್ಕೆ ಮಡಚಿ, ಎಲೆ ಉದ್ದವಾಗಿ ಬೋರಲಾಗಿದ್ದರೆ ಮೈಟ್ ನುಸಿ. ಇದು ಕೀಟವಲ್ಲ, ಜೇಡದ ಜಾತಿ, ಹಾಗಾಗಿ ಥ್ರಿಪ್ಸ್‌ಗೆ ಹೊಡೆಯುವ ಬಹಳಷ್ಟು ಔಷಧಿಗೆ ಬಗ್ಗುವುದಿಲ್ಲ. ಎಲೆ ಚಿಕ್ಕದಾಗಿ, ನರ ದಪ್ಪಗಾಗಿ, ಗಿಣ್ಣುಗಳು ಹತ್ತಿರವಾಗಿ ಗಿಡ ಪೊದೆಯಂತೆ ಕುಳ್ಳಾಗಿದ್ದರೆ ಬಿಳಿನೊಣ ಹರಡುವ ನಂಜುರೋಗ. ನಂಜು ಹಿಡಿದ ಗಿಡಕ್ಕೆ ಮದ್ದಿಲ್ಲ, ಕಿತ್ತು ಸುಡಬೇಕು. ಅದರ ತಡೆ ಇರುವುದು ಸಸಿಮಡಿಯಲ್ಲಿ: ಮಡಿಗೆ ನೈಲಾನ್ ಪರದೆ ಕಟ್ಟುವುದು, ಹೊಲದ ಸುತ್ತ ಎರಡು-ಮೂರು ಸಾಲು ಗೋವಿನಜೋಳ ಅಥವಾ ಜೋಳ ಹಾಕುವುದು, ಬಿಳಿನೊಣಕ್ಕೆ ಹಳದಿ ಅಂಟು ಹಾಳೆ, ಥ್ರಿಪ್ಸ್‌ಗೆ ನೀಲಿ ಅಂಟು ಹಾಳೆ ನೇತು ಹಾಕುವುದು. ಹೂವು ಕೊಡವಿದಾಗ ಬಿಳಿ ಕಾಗದದ ಮೇಲೆ ಕಪ್ಪು ಸಣ್ಣ ಹುಳ ಹರಿದಾಡಿದರೆ ಅದು ಕರಿ ಥ್ರಿಪ್ಸ್. ಹೂ ಉದುರಿದ್ದಕ್ಕೆ ಕಾರಣ ಅಲ್ಲಿದೆ.

ಗೋವಿನಜೋಳ: ಕೆಳಗಿನ ಎಲೆ ತುದಿಯಿಂದ ನಡುನರದ ಗುಂಟ ‘ವಿ’ ಆಕಾರದಲ್ಲಿ ಹಳದಿಯಾಗಿದ್ದರೆ ಸಾರಜನಕ ಕಡಿಮೆ. ಕೆಳಗಿನ ಎಲೆಯ ಅಂಚು ಸುಟ್ಟಂತಾಗಿದ್ದರೆ ಪೊಟ್ಯಾಷ್ ಕಡಿಮೆ. ಸುಳಿಯ ಹತ್ತಿರದ ಹೊಸ ಎಲೆಯಲ್ಲಿ ಬಿಳಿ ಪಟ್ಟೆ ಬಂದಿದ್ದರೆ ಸತು, ಅಂದರೆ ಜಿಂಕ್ ಕಡಿಮೆ. ತೆನೆಯ ತುದಿ ಮಾತ್ರ ಬೋಳಾಗಿದ್ದರೆ ಕಾಳು ಕಟ್ಟುವಾಗ ತೇವ ಸಾಲಲಿಲ್ಲ. ಕಾಳು ಅಲ್ಲೊಂದು ಇಲ್ಲೊಂದು ಇದ್ದರೆ ಸೂಲಂಗಿ ಬಂದ ವಾರದಲ್ಲಿ ಬಿಸಿಲು ಸುಟ್ಟಿದೆ ಅಥವಾ ಜಡಿಮಳೆಗೆ ಪರಾಗ ತೊಳೆದುಹೋಗಿದೆ. ಸುಳಿಯಲ್ಲಿ ಕಟ್ಟಿಗೆಪುಡಿಯಂಥ ಹಿಕ್ಕೆ, ಹುಳದ ತಲೆ ಮೇಲೆ ತಲೆಕೆಳಗಾದ ‘ವೈ’ ಗೆರೆ, ಬಾಲದ ಹತ್ತಿರ ಚೌಕವಾಗಿ ನಾಲ್ಕು ಚುಕ್ಕೆ ಇದ್ದರೆ ಅದು ಫಾಲ್ ಸೈನಿಕ ಹುಳು. ಇದು ದೇಶದಲ್ಲಿ ಮೊದಲು ಕಂಡದ್ದು 2018ರಲ್ಲಿ, ನಮ್ಮ ನೆರೆಯ ಶಿವಮೊಗ್ಗದಲ್ಲಿ. ಹುಳ ದೊಡ್ಡದಾಗಿ ಸುಳಿಯ ಆಳಕ್ಕೆ ಹೋದಮೇಲೆ ಔಷಧಿ ತಾಗುವುದಿಲ್ಲ. ಬಿತ್ತಿದ ಎರಡನೇ ವಾರದಿಂದ ಎಲೆ ಮೇಲಿನ ಸಣ್ಣ ಕಿಂಡಿಗಳನ್ನು ಹುಡುಕಬೇಕು.

ಕಡಲೆ: ಒಣಗಿದ ಗಿಡದ ಕಾಂಡವನ್ನು ಬುಡದಲ್ಲಿ ಉದ್ದಕ್ಕೆ ಸೀಳಿ. ಒಳಗೆ ಕಂದುಗಪ್ಪು ಗೆರೆ ಇದ್ದರೆ ಸಿಡಿ ರೋಗ (ಸೊರಗು). ಒಳಗೆ ಸ್ವಚ್ಛವಾಗಿದ್ದು, ಬೇರು ಒಣಕಲಾಗಿ ಪಟ್ಟನೆ ಮುರಿದು, ಸಿಪ್ಪೆ ಕಿತ್ತುಬಂದು, ಪಕ್ಕದ ಬೇರುಗಳೇ ಇಲ್ಲದಿದ್ದರೆ ಒಣ ಬೇರುಕೊಳೆ. ಮೊದಲನೆಯದಕ್ಕೆ ಜೆಜಿ-11ರಂಥ ರೋಗ ತಡೆಯುವ ತಳಿ, ಜೋಳದೊಂದಿಗೆ ಬೆಳೆ ಬದಲಾವಣೆ, ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ರೋಗ ತಡೆಯುವ ಶಿಲೀಂಧ್ರದ ಪುಡಿ) ಲೇಪ. ಎರಡನೆಯದು ಹೂ-ಕಾಯಿ ಹಂತದಲ್ಲಿ ಬಿಸಿಲು ಏರಿ ತೇವ ಆರಿದಾಗ ಬರುವಂಥದು. ಅಲ್ಲಿ ತಡವಾಗಿ ಬಿತ್ತಿದ್ದೇ ತಪ್ಪಾಗಿರಬಹುದು.

ಉಳ್ಳಾಗಡ್ಡಿಯಲ್ಲಿ ಎಲೆ ಮೇಲೆ ನೇರಳೆ ನಡುವಿನ ಮಚ್ಚೆ ಬಂದು ಅಲ್ಲೇ ಮುರಿದು ಬಿದ್ದಿದ್ದರೆ ನೇರಳೆ ಮಚ್ಚೆ ರೋಗ. ಎಲೆ ತಿರುಚಿ ಕುತ್ತಿಗೆ ಉದ್ದವಾಗಿದ್ದರೆ ತಿರುಚು ರೋಗ. ಗಡ್ಡೆಯ ಕುತ್ತಿಗೆ ದಪ್ಪಗಿದ್ದು ಸಂಗ್ರಹದಲ್ಲಿ ಕೊಳೆತಿದ್ದರೆ ಕೊನೆಯ ಹಂತದಲ್ಲಿ ಯೂರಿಯಾ ಜಾಸ್ತಿಯಾಗಿದೆ. ಹತ್ತಿಯಲ್ಲಿ 20 ಹಸಿರು ಕಾಯಿ ಒಡೆದು ನೋಡಿ. ಎರಡರಲ್ಲಿ ಗುಲಾಬಿ ಕಾಯಿಕೊರಕ ಸಿಕ್ಕರೆ ಹಾನಿಯ ಮಟ್ಟ ಮುಟ್ಟಿದೆ ಎಂದು ತಿಳಿಯಿರಿ.

ಗುರುತು ಹಿಡಿದ ಮೇಲೂ ಒಂದು ಕೆಲಸ ಉಳಿದಿದೆ: ಹೋಲಿಕೆ. ಊರಲ್ಲಿ ನಿಮ್ಮದೇ ಬೀಜ ಬೇರೆ ಹೊಲದಲ್ಲಿ ಬಿತ್ತಿದವರನ್ನು ಹುಡುಕಿ, ನೀವು ಬಿತ್ತಿದ ವಾರವೇ ಬೇರೆ ಬೀಜ ಬಿತ್ತಿದವರನ್ನೂ ಹುಡುಕಿ. ಮೊದಲನೆಯವರ ಬೆಳೆ ಚೆನ್ನಾಗಿದ್ದರೆ ಬೀಜವನ್ನು ಬೈಯಬೇಡಿ. ಎರಡನೆಯವರದೂ ಕೆಟ್ಟಿದ್ದರೆ ಬಿತ್ತಿದ ಹೊತ್ತು ಅಥವಾ ಹವೆ ಕಾರಣ. ಮಳೆಯ ವಿಷಯದಲ್ಲಿ ನೆನಪನ್ನು ನಂಬುವ ಬದಲು ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕದ ಅಂಕಿ ಕೇಳಿ ತೆಗೆದುಕೊಳ್ಳಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಲ್ಲಿ ಅದು ಇರುತ್ತದೆ. ‘ಮಳೆ ಇಲ್ಲದ್ದಕ್ಕೇ ಹೋಯಿತು’ ಎಂಬ ಮಾತು ಸುಳ್ಳಲ್ಲದಿದ್ದರೂ ಅದೇ ಮಳೆಯಲ್ಲಿ ಬದುವಿನಾಚೆಯವರಿಗೆ ಹತ್ತು ಕ್ವಿಂಟಲ್ ಬಂದಿದ್ದರೆ ಕೇಳಬೇಕಾದ ಪ್ರಶ್ನೆ ಇನ್ನೊಂದು ಇದೆ.

ತಿಳಿಯದಿದ್ದರೆ ಬೇರು ಸಮೇತ ಗಿಡವನ್ನು ಕಾಗದದಲ್ಲಿ ಸುತ್ತಿ (ಪ್ಲಾಸ್ಟಿಕ್ ಚೀಲದಲ್ಲಿ ಬೆವತು ಕೊಳೆಯುತ್ತದೆ) ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ: ಹಾವೇರಿಯವರಿಗೆ ಹನುಮನಮಟ್ಟಿ, ಗದಗಿನವರಿಗೆ ಹುಲಕೋಟಿ, ಧಾರವಾಡದವರಿಗೆ ಸೈದಾಪುರ. ದೂರವಾದರೆ ಕಿಸಾನ್ ಕಾಲ್ ಸೆಂಟರ್ 1800-180-1551ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಔಷಧ ಮಾರುವವರೊಬ್ಬರನ್ನೇ ಕೇಳಿ ತೀರ್ಮಾನಿಸಬೇಡಿ.

ಹಂತ 4: ಬೀಜದ ಮೇಲೆ ಅನುಮಾನವಿದ್ದರೆ

ಮೊಳಕೆ ಬಾರದಿದ್ದರೆ ಅಥವಾ ಚೀಟಿಯಲ್ಲಿದ್ದ ತಳಿ ಬಾರದಿದ್ದರೆ ಬೆಳೆ ನಿಂತಿರುವಾಗಲೇ ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ (ಉಳ್ಳಾಗಡ್ಡಿ, ಮೆಣಸಿನಕಾಯಿಗೆ ತೋಟಗಾರಿಕೆ ಅಧಿಕಾರಿಗೆ) ಲಿಖಿತ ದೂರು ಕೊಟ್ಟು ಹೊಲದ ತಪಾಸಣೆ ಮಾಡಿಸಿ. ವರದಿಯ ಪ್ರತಿ ಕೇಳಿ ಪಡೆಯಿರಿ. ಬಿಲ್ಲು, ಲಾಟ್ ಸಂಖ್ಯೆ ಇರುವ ಚೀಟಿ, ಚೀಲ, ಉಳಿದ ಒಂದು ಹಿಡಿ ಬೀಜ ಇವಿಷ್ಟಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಬೀಜ ಕೊಳ್ಳುವ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಕೊಂಡ ಬೀಜದ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಬಿಲ್ಲಿಲ್ಲದೆ ಬಿಡಿ ಬೀಜ ತಂದಿದ್ದರೆ ಈ ದಾರಿ ಮುಚ್ಚಿದಂತೆ.

ಹಂತ 5: ಇಳುವರಿ ಸೋತಿತೋ, ದರ ಸೋತಿತೋ, ಖರ್ಚು ಸೋಲಿಸಿತೋ

ಬೆಳೆ ಕೈಕೊಟ್ಟಿತು ಎನ್ನುವ ಎಲ್ಲರಿಗೂ ಬೆಳೆಯೇ ಕೈಕೊಟ್ಟಿರುವುದಿಲ್ಲ. ಎಕರೆವಾರು ಲೆಕ್ಕ ಬರೆಯಿರಿ: ಬೀಜ, ಗೊಬ್ಬರ, ಔಷಧ, ಆಳು, ಟ್ರ್ಯಾಕ್ಟರ್, ಲಾವಣಿ (ಜಮೀನಿನ ಗುತ್ತಿಗೆ ಹಣ), ಬಡ್ಡಿ, ಸಾಗಣೆ, ಹಮಾಲಿ. ಮನೆಯವರು ದುಡಿದ ದಿನಗಳಿಗೂ ಕೂಲಿ ಹಿಡಿಯಿರಿ.

ತಿಳಿಯಲೆಂದು ಒಂದು ಅಂಕಿ ಹಿಡಿಯೋಣ. ಗೋವಿನಜೋಳಕ್ಕೆ ಎಕರೆಗೆ 25,000 ಖರ್ಚು. 20 ಕ್ವಿಂಟಲ್ ಬಂದು 2,200ಕ್ಕೆ ಮಾರಿ 44,000 ಎಣಿಸಿದ್ದಿರಿ. ಬಂದದ್ದು 9 ಕ್ವಿಂಟಲ್ ಆಗಿ ಕೈಗೆ 19,800 ಸಿಕ್ಕರೆ ಅದು ಇಳುವರಿಯ ಸೋಲು. ಹಂತ 3ರ ಕಾರಣಕ್ಕೆ ಮದ್ದು ಮಾಡಿ. 18 ಕ್ವಿಂಟಲ್ ಬಂದರೂ ದರ 1,500ಕ್ಕೆ ಇಳಿದು 27,000 ಸಿಕ್ಕರೆ ಅದು ದರದ ಸೋಲು. ತಳಿ ಬದಲಿಸಿದರೂ ಔಷಧ ಬದಲಿಸಿದರೂ ಫಲವಿಲ್ಲ. 20 ಕ್ವಿಂಟಲ್ ಬಂದು ದರವೂ ಸಿಕ್ಕಿ, ಖರ್ಚೇ 40,000 ಆಗಿದ್ದರೆ ಅದು ಖರ್ಚಿನ ಸೋಲು.

ದರದ ಸೋಲಿಗೆ: ಎಲ್ಲ ಮಾಲನ್ನೂ ಒಂದೇ ದಿನ ಹುಬ್ಬಳ್ಳಿಯ ಅಮರಗೋಳ ಮಾರುಕಟ್ಟೆಗೋ ಬ್ಯಾಡಗಿಗೋ ಒಯ್ಯದೆ ಎರಡು-ಮೂರು ಕಂತಿನಲ್ಲಿ ಮಾರಿ. ಒಣ ಮೆಣಸಿನಕಾಯಿಯನ್ನು ಶೀತಲಗೃಹದಲ್ಲಿ, ಕಾಳನ್ನು ಉಗ್ರಾಣದಲ್ಲಿ ಇಟ್ಟು ರಸೀದಿಯ ಮೇಲೆ ಸಾಲ ಪಡೆಯುವ ದಾರಿಯಿದೆ. ಆದರೆ ಬಾಡಿಗೆ ಮತ್ತು ಬಡ್ಡಿ ಸೇರಿಸಿ, ದರ ಎಷ್ಟು ಏರಿದರೆ ಗಿಟ್ಟುತ್ತದೆ ಎಂದು ಮೊದಲೇ ಲೆಕ್ಕ ಹಾಕಿ. ಹೆಸರುಕಾಳು, ಕಡಲೆಗೆ ಬೆಂಬಲ ಬೆಲೆ ಖರೀದಿ ಕೇಂದ್ರ ತೆರೆದ ಕೂಡಲೇ ಎಫ್‌ಐಡಿ ತೋರಿಸಿ ನೋಂದಾಯಿಸಿ. ತೇವಾಂಶ ಹೆಸರಿಗೆ ಶೇ 12, ಗೋವಿನಜೋಳಕ್ಕೆ ಶೇ 14 ದಾಟಿದರೆ ಮಾಲು ತಿರುಗಿ ಬರುತ್ತದೆ.

ಖರ್ಚಿನ ಸೋಲಿನಲ್ಲಿ ಮೊದಲು ನೋಡಬೇಕಾದದ್ದು ಔಷಧದ ಬಿಲ್ಲು ಮತ್ತು ಲಾವಣಿ. ಮೂರು-ನಾಲ್ಕು ಔಷಧಿ ಒಂದೇ ಪಂಪಿಗೆ ಬೆರೆಸಿ ಹೊಡೆದಿದ್ದರೆ, ಒಂದೇ ಗುಂಪಿನ ಔಷಧಿಯನ್ನು ಬೇರೆ ಬೇರೆ ಹೆಸರಿನಲ್ಲಿ ಮತ್ತೆ ಮತ್ತೆ ಕೊಂಡಿದ್ದರೆ ಬಿಲ್ಲಿನಲ್ಲಿ ಗೊತ್ತಾಗುತ್ತದೆ. ಉದ್ರಿ ತರುವ ಅಂಗಡಿಯಲ್ಲಿ ಯಾವ ಔಷಧಿ ಎಂಬ ತೀರ್ಮಾನ ನಿಮ್ಮ ಕೈಯಲ್ಲಿ ಇರುವುದಿಲ್ಲ. ಉದ್ರಿಯ ನಿಜವಾದ ಬೆಲೆ ಬಡ್ಡಿಗಿಂತ ಅದೇ ಹೆಚ್ಚು. ಇನ್ನು ಮುಂಗಡ ಹಣ ಕೊಟ್ಟು ಮಾಡಿದ ಲಾವಣಿಯಲ್ಲಿ ಮಳೆ ಹೋದರೂ ಹಣ ಹೋಗುತ್ತದೆ. ಎರಡು ವರ್ಷ ಸತತ ಸೋತವರು ಮುಂದಿನ ವರ್ಷ ಪಾಲಿಗೆ ಮಾಡುವ ಮಾತಾಡಿ, ಇಲ್ಲವೇ ಲಾವಣಿ ಜಮೀನು ಬಿಟ್ಟು ಸ್ವಂತದ್ದಷ್ಟೇ ಮಾಡಿ.

ಹಂತ 6: ಸಾಲ ಮತ್ತು ಮನಸ್ಸು

ಒಂದು ಹಾಳೆಯ ಮೇಲೆ ಎಲ್ಲ ಸಾಲ ಬರೆಯಿರಿ: ಸೊಸೈಟಿ, ಬ್ಯಾಂಕ್, ಬಂಗಾರದ ಸಾಲ, ಫೈನಾನ್ಸ್ ಸಂಘ, ಅಂಗಡಿ ಉದ್ರಿ, ಕೈಗಡ. ಎದುರಿಗೆ ಬಡ್ಡಿ, ಕಟ್ಟುವ ತಾರೀಖು, ಅಡವಿಟ್ಟದ್ದೇನು. ಮನೆಯ ಹಿರಿಯರು, ಹೆಂಡತಿ, ದುಡಿಯುವ ಮಕ್ಕಳು ಎಲ್ಲರೂ ಅದನ್ನು ನೋಡಿರಲಿ. ಬಚ್ಚಿಟ್ಟ ಸಾಲವೇ ಹೆಚ್ಚು ಬಾಧಿಸುವುದು.

ಸೊಸೈಟಿಯ ಶೂನ್ಯ ಬಡ್ಡಿ ಸಾಲ ಗಡುವು ದಾಟಿದರೆ ಬಡ್ಡಿ ರಿಯಾಯಿತಿ ಹೋಗುತ್ತದೆ, ಹಾಗಾಗಿ ಕೈಯಲ್ಲಿ ಸ್ವಲ್ಪವೇ ಹಣವಿದ್ದರೆ ಮೊದಲು ಇದನ್ನೂ, ಹೆಚ್ಚು ಬಡ್ಡಿಯ ಕೈಗಡವನ್ನೂ ನೋಡಿ. ಸರ್ಕಾರ ವಿಕೋಪ ಘೋಷಿಸಿದ ತಾಲ್ಲೂಕಿನಲ್ಲಿ ಬೆಳೆಸಾಲದ ಅವಧಿ ವಿಸ್ತರಣೆ ಕೇಳಬಹುದು; ಗಡುವು ಮುಗಿಯುವ ಮೊದಲೇ ಬ್ಯಾಂಕಿಗೆ ಅರ್ಜಿ ಬರೆದುಕೊಡಿ, ಬಾಯಿಮಾತು ಸಾಲದು. ಫೈನಾನ್ಸ್‌ನವರು ಮನೆ ಮುಂದೆ ಬಂದು ಅವಮಾನಿಸಿದರೆ, ಬೆದರಿಸಿದರೆ ಪೊಲೀಸರಿಗೆ ದೂರು ಕೊಡಿ. ಬಲವಂತದ ವಸೂಲಿಯ ವಿರುದ್ಧ ರಾಜ್ಯ 2025ರಲ್ಲಿ ಕಾನೂನು ತಂದಿದೆ.

ಈಗ ಮನೆಯವರಿಗೆ ಒಂದು ಮಾತು. ಬೆಳೆ ಕಳಕೊಂಡವರಿಗೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಕಟ್ಟೆಗೆ ಹೋಗುವುದನ್ನು ಬಿಟ್ಟಿದ್ದರೆ, ‘ನಾನಿಲ್ಲದಿದ್ದರೆ ನಿಮಗೆ ಸಾಲ ತಪ್ಪುತ್ತಿತ್ತು’ ಎಂಬಂಥ ಮಾತು ಬಂದರೆ ಅದನ್ನು ಬೇಸರದ ಮಾತೆಂದು ಬಿಡಬೇಡಿ. ನೇರವಾಗಿ ಕೇಳಿ: ‘ಜೀವ ಕಳಕೊಳ್ಳೋ ವಿಚಾರ ಬರ್ತದೇನು?’ ಕೇಳುವುದರಿಂದ ಆ ವಿಚಾರ ಹುಟ್ಟುವುದಿಲ್ಲ, ಹೇಳಿಕೊಳ್ಳಲು ದಾರಿಯಾಗುತ್ತದೆ. ಮನೆಯಲ್ಲಿರುವ ಬೆಳೆ ಔಷಧಿಯನ್ನೆಲ್ಲ ಇಂದೇ ಪೆಟ್ಟಿಗೆಗೆ ಹಾಕಿ ಬೀಗ ಜಡಿದು ಕೀಲಿ ಬೇರೆಯವರ ಕೈಗೆ ಕೊಡಿ, ಸಾಧ್ಯವಾದರೆ ಮನೆಯಿಂದಲೇ ಹೊರಗಿಡಿ. ಟೆಲಿ ಮಾನಸ್ 14416ಕ್ಕೆ ಹಗಲು-ರಾತ್ರಿ ಉಚಿತವಾಗಿ ಕನ್ನಡದಲ್ಲಿ ಮಾತಾಡಬಹುದು. ಧಾರವಾಡದ ಡಿಮ್ಹಾನ್ಸ್ ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ಮೂರೂ ಜಿಲ್ಲೆಯವರಿಗೆ ಹತ್ತಿರ. ಬಿತ್ತನೆಯ ತೀರ್ಮಾನ ಹದಿನೈದು ದಿನ ತಡವಾದರೂ ಚಿಂತೆಯಿಲ್ಲ, ಈ ಕೆಲಸ ತಡವಾಗಬಾರದು.

ಹಂತ 7: ಈಗ ಏನು ಬಿತ್ತುವುದು

ಮುಂಗಾರಿ ಬೆಳೆ ಅರ್ಧಕ್ಕಿಂತ ಕಡಿಮೆ ಉಳಿದಿದ್ದರೆ ಅದನ್ನೇ ಜೋಪಾನ ಮಾಡುವುದಕ್ಕಿಂತ ತೆಗೆದು ಹಿಂಗಾರಿಗೆ ನೆಲ ಸಿದ್ಧ ಮಾಡುವುದು ಮೇಲು. ಎರೆ ಹೊಲದಲ್ಲಿ ಬಿಳಿಜೋಳಕ್ಕೆ ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗೆ, ಕುಸುಬಿಗೆ ಸೆಪ್ಟೆಂಬರ್-ಅಕ್ಟೋಬರ್, ಕಡಲೆಗೆ ಅಕ್ಟೋಬರ್‌ನಿಂದ ನವೆಂಬರ್ ಮೊದಲ ಪಕ್ಷದವರೆಗೆ ಹೊತ್ತು. ಆಮೇಲೆ ಬಿತ್ತಿದರೆ ಕಾಳು ಕಟ್ಟುವಾಗ ತೇವ ಆರಿರುತ್ತದೆ.

ಒಂದು ಎಚ್ಚರ. ಗೋವಿನಜೋಳಕ್ಕೆ ಅಟ್ರಾಜಿನ್ ಕಳೆನಾಶಕ ಹೊಡೆದಿದ್ದರೆ ಅದು ಮಣ್ಣಿನಲ್ಲಿ ಉಳಿದು ಮುಂದಿನ ದ್ವಿದಳ ಬೆಳೆಯನ್ನು ಸುಡಬಹುದು. ಮೊದಲ ಬೆಳೆ ಬೇಗ ಹೋಗಿ, ಮಳೆಯೂ ಕಡಿಮೆಯಾಗಿದ್ದರೆ ಅಪಾಯ ಹೆಚ್ಚು. ಪರೀಕ್ಷೆ ಮನೆಯಲ್ಲೇ ಆಗುತ್ತದೆ: ಹೊಲದ ಮೇಲಿನ ನಾಲ್ಕಿಂಚು ಮಣ್ಣು ಒಂದು ಡಬ್ಬಿಗೆ, ಕಳೆನಾಶಕ ಬೀಳದ ಬದುವಿನ ಮಣ್ಣು ಇನ್ನೊಂದಕ್ಕೆ. ಎರಡರಲ್ಲೂ ಹತ್ತು ಹತ್ತು ಕಡಲೆ ಊರಿ ಮೂರು ವಾರ ನೀರು ಕೊಡಿ. ಹೊಲದ ಮಣ್ಣಿನ ಸಸಿಗಳ ಎಲೆ ಅಂಚಿನಿಂದ ಹಳದಿಯಾಗಿ ಒಣಗಿದರೆ ಆ ಹೊಲಕ್ಕೆ ಈ ಸಲ ಕಡಲೆ ಬೇಡ, ಜೋಳ ಹಾಕಿ.

ಬೀಜ ಯಾವುದಾದರೂ ಬಿತ್ತುವ ಮೊದಲು ನೂರು ಕಾಳು ಎಣಿಸಿ ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿಡಿ. ಮೊಳಕೆ ಗೋವಿನಜೋಳದ ಹೈಬ್ರಿಡ್‌ನಲ್ಲಿ 90, ಕಡಲೆಯಲ್ಲಿ 85, ಹೆಸರಿನಲ್ಲಿ 75, ಶೇಂಗಾ ಮತ್ತು ಉಳ್ಳಾಗಡ್ಡಿಯಲ್ಲಿ 70, ಮೆಣಸಿನಕಾಯಿಯಲ್ಲಿ 60 ಇರಲೇಬೇಕು.

‘ಕಳಕೊಂಡಲ್ಲೇ ಹುಡುಕಬೇಕು’ ಎಂದು ಅದೇ ಬೆಳೆಯನ್ನು ಮರುವರ್ಷ ಎರಡರಷ್ಟು ಜಾಗದಲ್ಲಿ ಹಾಕುವವರಿದ್ದಾರೆ. ಕಾರಣ ಗೊತ್ತಾಗಿ, ಅದಕ್ಕೆ ಮದ್ದು ನಿಮ್ಮ ಕೈಯಲ್ಲಿದ್ದರೆ ಮಾತ್ರ ಅದೇ ಬೆಳೆಗೆ ಮರಳಿ, ಅದೂ ಮೊದಲಿನ ಅರ್ಧ ಜಾಗದಲ್ಲಿ.

ಹಂತ 8: ಮಣ್ಣು

ಗೊಬ್ಬರ ಹಾಕುವ ಮೊದಲು, ನೆಲ ಹದವಾಗಿ ಒಣಗಿದಾಗ, ಎಕರೆಯಲ್ಲಿ ಅಂಕುಡೊಂಕಾಗಿ ನಡೆದು 10ರಿಂದ 15 ಕಡೆ ಆರಿಂಚು ಆಳದ ‘ವಿ’ ಆಕಾರದ ಗುಂಡಿ ತೋಡಿ, ಗೋಡೆಯಿಂದ ಒಂದಿಂಚು ದಪ್ಪ ಮಣ್ಣು ಕೆರೆದು ತೆಗೆಯಿರಿ. ಬದು, ಮರದ ಬುಡ, ತಿಪ್ಪೆ ಇದ್ದ ಜಾಗ ಬಿಡಿ. ಎಲ್ಲ ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡು ಪಾಲು ಚೆಲ್ಲಿ, ಅರ್ಧ ಕಿಲೋ ಉಳಿಯುವವರೆಗೆ ಹೀಗೆ ಮಾಡಿ, ನೆರಳಲ್ಲಿ ಒಣಗಿಸಿ ಬಟ್ಟೆ ಚೀಲದಲ್ಲಿ ಕೊಡಿ. ಬೆಳೆ ಕೆಟ್ಟ ತಗ್ಗಿನ ಮಣ್ಣನ್ನು ಚೆನ್ನಾಗಿದ್ದ ಜಾಗದ ಮಣ್ಣಿಗೆ ಬೆರೆಸಬೇಡಿ. ಎರಡು ಚೀಲ ಬೇರೆ ಬೇರೆ ಇರಲಿ.

ವರದಿಯಲ್ಲಿ ಸಾವಯವ ಇಂಗಾಲ ಶೇ 0.5ಕ್ಕಿಂತ ಕೆಳಗಿದ್ದರೆ ಎಷ್ಟು ಚೀಲ ಗೊಬ್ಬರ ಸುರಿದರೂ ಪೂರ್ತಿ ಫಲ ಸಿಗುವುದಿಲ್ಲ, ತಿಪ್ಪೆಗೊಬ್ಬರ ಬೇಕು. ಸತು 0.6 ಪಿಪಿಎಂಗಿಂತ (ಹತ್ತು ಲಕ್ಷದಲ್ಲಿ ಒಂದು ಭಾಗದ ಅಳತೆ) ಕಡಿಮೆಯಿದ್ದರೆ ಎಕರೆಗೆ 10 ಕಿಲೋ ಜಿಂಕ್ ಸಲ್ಫೇಟ್. ಅದನ್ನು ಡಿಎಪಿ ಜತೆ ಬೆರೆಸಿ ಹಾಕಬೇಡಿ, ಎರಡೂ ಗಟ್ಟಿಯಾಗಿ ಬೆಳೆಗೆ ಸಿಗದೆ ಹೋಗುತ್ತವೆ. ಅಗೆದಾಗ ಗಟ್ಟಿ ಪದರ ಕಂಡಿದ್ದರೆ ಬೇಸಿಗೆಯಲ್ಲಿ ಒಮ್ಮೆ ಆಳ ಉಳುಮೆ ಮಾಡಿಸಿ. ಒದ್ದೆ ಎರೆಯಲ್ಲಿ ಮಾಡಿಸಿದರೆ ಪದರ ಇನ್ನೂ ಬಿಗಿಯಾಗುತ್ತದೆ.

ಹಂತ 9: ಬದಲಾವಣೆಯನ್ನು ಐದು ಗುಂಟೆಯಲ್ಲಿ ನೋಡಿ

ಕಾರಣ ಸಿಕ್ಕಿತು, ಮದ್ದೂ ಗೊತ್ತಾಯಿತು ಎಂದು ಇಡೀ ಹೊಲಕ್ಕೆ ಒಮ್ಮೆಲೇ ಹಾಕಬೇಡಿ. ಐದು ಅಥವಾ ಹತ್ತು ಗುಂಟೆ ಗುರುತಿಸಿ, ಅಲ್ಲಿ ಹೊಸ ರೀತಿ, ಉಳಿದದ್ದರಲ್ಲಿ ಹಳೆ ರೀತಿ. ಎರಡೂ ಒಂದೇ ಬಗೆಯ ಮಣ್ಣಿನಲ್ಲಿ, ಒಂದೇ ದಿನ ಬಿತ್ತಿರಬೇಕು. ಬದಲಾವಣೆ ಒಂದೇ ಇರಲಿ: ತಳಿ ಬದಲಿಸಿದರೆ ಗೊಬ್ಬರ ಬದಲಿಸಬೇಡಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಗೆದ್ದರೂ ಯಾವುದರಿಂದ ಗೆದ್ದದ್ದು ಎಂದು ತಿಳಿಯದೆ ಮೂರಕ್ಕೂ ಖರ್ಚು ಮಾಡುತ್ತಾ ಹೋಗಬೇಕಾಗುತ್ತದೆ.

ಬಿತ್ತಿದ ದಿನ, ಬೀಜದ ಲಾಟ್ ಸಂಖ್ಯೆ, ಪ್ರತಿ ಸಿಂಪಡಣೆಯ ಔಷಧಿ ಮತ್ತು ಪ್ರಮಾಣ, ಮಳೆ ಬಿದ್ದ ದಿನಗಳು, ಹೂ ಬಿಟ್ಟ ದಿನ ಇವನ್ನು ನೋಟ್‌ಬುಕ್ಕಿನಲ್ಲಿ ಅಂದಂದೇ ಬರೆಯಿರಿ. ಚೀಟಿಯನ್ನು ಅದೇ ಹಾಳೆಗೆ ಅಂಟಿಸಿ.

ಕೊಯ್ಲಿಗೆ ಒಂದು ದಿನ ಮೊದಲು ಎರಡೂ ಕಡೆ 5 ಮೀಟರ್ ಉದ್ದ, 5 ಮೀಟರ್ ಅಗಲದ ಚೌಕ ಅಳೆದು, ಅದರೊಳಗಿನದನ್ನು ಬೇರೆ ಕೊಯ್ದು, ಒಣಗಿಸಿ ತೂಗಿ. ಬಂದ ಕಿಲೋವನ್ನು 162ರಿಂದ ಗುಣಿಸಿದರೆ ಎಕರೆಯ ಇಳುವರಿ. ಚೌಕವನ್ನು ಚೆನ್ನಾಗಿ ಕಾಣುವ ಜಾಗದಲ್ಲಿ ಹಾಕಬೇಡಿ. ಬದುವಿನಿಂದ ಹದಿನೈದು ಹೆಜ್ಜೆ ಒಳಗೆ ನಡೆದು ನಿಂತಲ್ಲೇ ಹಾಕಿ. ಹೊಸ ರೀತಿಯಿಂದ ಹೆಚ್ಚಿಗೆ ಬಂದ ಕಾಳಿನ ಬೆಲೆ ಅದಕ್ಕೆ ಹಿಡಿದ ಹೆಚ್ಚಿಗೆ ಖರ್ಚಿನ ಎರಡರಷ್ಟಾದರೂ ಇದ್ದರೆ ಮರುವರ್ಷ ಒಂದು ಎಕರೆಗೆ ವಿಸ್ತರಿಸಿ. ಒಂದು ಒಳ್ಳೆ ಮಳೆಗಾಲ, ಒಂದು ಕೆಟ್ಟ ಮಳೆಗಾಲ ಎರಡರಲ್ಲೂ ನಿಂತ ಮೇಲಷ್ಟೇ ಪೂರ್ತಿ ಹೊಲಕ್ಕೆ ತನ್ನಿ.